ಕ್ಯಾಸೆಟ್ ಸಾಬರ ಬೀರು

ಅವರ ಎಡಗೈ ಕಿರುಬೆರಳಿನ ಉಗುರೊಂದು ಮಾತ್ರ ಅರ್ಧ ಇಂಚಿನಷ್ಟು ಬೆಳೆದಿರುತ್ತಿತ್ತು. ಉಳಿದ ಒಂಬತ್ತನ್ನೂ ಶುಕ್ರವಾರ ತಪ್ಪದೆ ಕತ್ತರಿಸುವವರು ಅದೊಂದನ್ನು ಬಿಟ್ಟಿದ್ದರು. ಟೇಪ್ ರೆಕಾರ್ಡರಿನ ಹೊಟ್ಟೆಯಲ್ಲಿ ಸಿಕ್ಕಿಕೊಂಡ ರೀಲನ್ನು ಆ ಉಗುರಿನಿಂದ ಮೀಟಿ, ಹರಿಯದಂತೆ ಈಚೆಗೆ ತೆಗೆಯುತ್ತಿದ್ದರು. "ಸ್ಕ್ರೂಡ್ರೈವರಿಗೆ ಕರುಣೆ ಇರಲ್ಲ ಮೇಷ್ಟ್ರೇ, ಉಗುರಿಗೆ ಇರ್ತದೆ" ಎನ್ನುವುದು ಅವರ ಮಾತು. ಗುಂಡ್ಲುಪೇಟೆಯ ಹಳೇ ಬಸ್‌ಸ್ಟ್ಯಾಂಡಿನ ರಸ್ತೆಯಲ್ಲಿ ಅವರದು ಕ್ಯಾಸೆಟ್ ಅಂಗಡಿ, ಪಕ್ಕದಲ್ಲೇ ನನ್ನದು ಟೈಪಿಂಗ್ ಮತ್ತು ಜೆರಾಕ್ಸ್. ಟೈಪಿಂಗ್ ಹೇಳಿಕೊಡುತ್ತಿದ್ದೆ ಎಂಬ ಒಂದೇ ಕಾರಣಕ್ಕೆ ನಾನು ಮೇಷ್ಟ್ರು. ಇಬ್ಬರ ನಡುವೆ ಇದ್ದದ್ದು ಒಂದು ಹಲಗೆಯ ಗೋಡೆ.

ಊರಿಗೆಲ್ಲ ಅವರು ಕ್ಯಾಸೆಟ್ ಸಾಬರು. ಮನೆಯಲ್ಲಿ ಉರ್ದು, ಕೇರಳದ ಬತ್ತೇರಿ ಕಡೆಯ ಲಾರಿ ಡ್ರೈವರುಗಳ ಜೊತೆ ಮಲಯಾಳಂ, ನನ್ನ ಜೊತೆ ಕನ್ನಡ. ನಾನು ಬಾಗಿಲು ತೆಗೆಯುವುದು ಹತ್ತು ನಿಮಿಷ ತಡವಾದರೂ ಸಾಕು, ಹಲಗೆಯಾಚೆಯಿಂದ "ಏನ್ ಮೇಷ್ಟ್ರೇ, ಸರ್ಕಾರಿ ನೌಕರಿ ಸಿಕ್ತಾ?" ಎಂದು ಕೇಳುತ್ತಿದ್ದರು. ಸಂಜೆ ಬೋಂಡಾ ತರಿಸಿದರೆ ಅರ್ಧ ನನಗೆ, ಬೇಡವೆಂದರೂ ಬಿಡುತ್ತಿರಲಿಲ್ಲ.

ಸಿನಿಮಾ ಕ್ಯಾಸೆಟ್ ಮಾರುವುದು ಅವರ ಹೊಟ್ಟೆಪಾಡು. ಅವರಿಗೆ ನಿಜವಾಗಿ ಪ್ರೀತಿ ಇದ್ದ ಕೆಲಸ ಬೇರೆ. ಮಗಳನ್ನು ದೂರದ ಊರಿಗೆ ಕೊಟ್ಟ ತಾಯಂದಿರು ಸಂತೆಯ ದಿನ ಮಧ್ಯಾಹ್ನ ಬೇಗೂರಿನ ಕಡೆಯಿಂದ ಬರುತ್ತಿದ್ದರು. ಜೊತೆಗೆ ಚಿಕ್ಕಮ್ಮ, ಅತ್ತಿಗೆ, ಓರಗಿತ್ತಿ. ಅಂಗಡಿಯ ಹಿಂದಿನ ಕೋಣೆಯಲ್ಲಿ ಚಾಪೆಯ ಮೇಲೆ ಕೂತು ಸೋಬಾನೆ ಪದ ಹೇಳಿ, ಅದನ್ನು ತುಂಬಿದ ಕ್ಯಾಸೆಟ್ಟನ್ನು ಮಗಳ ಮಡಿಲಕ್ಕಿಯ ಜೊತೆಗಿಟ್ಟು ಕಳಿಸುತ್ತಿದ್ದರು. ಮೊದಮೊದಲು ಸೆರಗು ಬಾಯಿಗೆ ಹಿಡಿದು ನಗುವವರು ಒಮ್ಮೆ ಶುರು ಮಾಡಿದರೆ ನಿಲ್ಲಿಸುತ್ತಿರಲಿಲ್ಲ. ಸದ್ದು ಸೇರಬಾರದೆಂದು ಸಾಬರು ಫ್ಯಾನ್ ಆರಿಸಿ, ಬೆವರು ಸುರಿಸುತ್ತ ಕೂರುತ್ತಿದ್ದರು. ರಸ್ತೆಗೆ ಓಡಿಹೋಗಿ ಬಸ್ಸಿನ ಡ್ರೈವರಿಗೆ ಕೈಮುಗಿದು, "ಪದ ಮುಗಿಯೋ ತನಕ ಹಾರ್ನ್ ಹೊಡೀಬೇಡ ಕಣಪ್ಪ" ಎಂದು ಕೇಳಿಕೊಂಡದ್ದನ್ನು ನಾನೇ ನೋಡಿದ್ದೇನೆ.

ಹೆಂಗಸರು ತರುತ್ತಿದ್ದದ್ದು ಮನೆಯಲ್ಲಿ ಬಿದ್ದಿದ್ದ ಹಳೇ ಸಿನಿಮಾ ಕ್ಯಾಸೆಟ್. ಸಾಬರು ಅದರ ಹಾಡು ಅಳಿಸಿ ಪದ ತುಂಬಿ ಕೊಡುತ್ತಿದ್ದರು. ಹಳ್ಳಿಯ ಟೇಪು ಎಂದಾದರೂ ರೀಲು ತಿಂದರೆ ಇರಲಿ ಎಂದು ಅದರದೇ ಇನ್ನೊಂದು ಪ್ರತಿಯನ್ನು ತಮ್ಮ ಕಬ್ಬಿಣದ ಬೀರುವಿನಲ್ಲಿ ಇಟ್ಟುಕೊಳ್ಳುತ್ತಿದ್ದರು. ಮೇಲೆ ಹೆಸರು ಬರೆದರೆ ಓದುವವರಾರು? ಆ ಹೆಂಗಸರಿಗೆ ಗುರುತು ಕವರಿನ ಚಿತ್ರ. "ಕುದ್ರೆ ಮ್ಯಾಲೆ ಕುಂತವ್ನಲ್ಲ, ಅವ್ನೇ ನಮ್ಮವ್ವ ಕಣಣ್ಣ" ಎನ್ನುತ್ತಿದ್ದರು. ಬೀರುವಿನಲ್ಲೂ ಅದೇ ಚಿತ್ರ ಇರಬೇಕಲ್ಲ? ಹಾಗಾಗಿ ಪ್ರತಿ ಕವರನ್ನೂ ಸಾಬರು ನನ್ನ ಹತ್ತಿರ ಜೆರಾಕ್ಸ್ ಮಾಡಿಸಿ, ತಮ್ಮ ಡಬ್ಬಿಗೆ ಸೇರಿಸುತ್ತಿದ್ದರು. ಬೀರುವಿನ ತುಂಬ ಕಪ್ಪುಬಿಳುಪು ಹೀರೋಗಳು, ಒಳಗೆಲ್ಲ ಬೇಗೂರಿನ ತಾಯಂದಿರು.

ಎರಡು ಸಾವಿರದ ನಾಲ್ಕೋ ಐದೋ ಇರಬೇಕು. ಸಿನಿಮಾ ಹಾಡು ಮಾರುವ ಬೆಂಗಳೂರಿನ ಕಂಪನಿಯೊಂದರ ಇಬ್ಬರು, ಇನ್‌ಸ್ಪೆಕ್ಟರ ಜೊತೆ ಪೊಲೀಸ್ ಜೀಪಿನಲ್ಲೇ ಬಂದಿಳಿದರು. ಅವರು ಬೆರಳು ತೋರಿಸುವುದು, ಪೇದೆಗಳು ಎತ್ತಿ ಚೀಲಕ್ಕೆ ತುಂಬುವುದು. ಸರ್ಕಾರದ ಸಂಬಳ ತಿನ್ನುವ ಪೊಲೀಸರು ಕಂಪನಿಯವರಿಗೆ ಆಳುಗಳಂತೆ ದುಡಿದದ್ದನ್ನು ಆವತ್ತು ಕಂಡೆ. ಬೀರು ತೆಗೆಸಿ ಜೆರಾಕ್ಸ್ ಕವರುಗಳನ್ನು ಕಂಡದ್ದೇ, "ಸಿಕ್ತು ನೋಡಿ ಸಾರ್ ಫ್ಯಾಕ್ಟರಿ" ಎಂದ ಕಂಪನಿಯವರಲ್ಲಿ ಒಬ್ಬ.

ಸಾಬರು ಇನ್‌ಸ್ಪೆಕ್ಟರಿಗೆ ಅಡ್ಡ ನಿಂತರು. "ಸಾರ್, ಒಂದೇ ಒಂದು ಹಾಕಿ ಕೇಳಿ. ಇದ್ರೊಳಗೆ ಸಿನಿಮಾ ಇಲ್ಲ. ನಮ್ಮ ಹೆಣ್ಮಕ್ಕಳ ಪದ ಇದೆ."

ಅಂಗಡಿಯಲ್ಲಿ ಐದಾರು ಟೇಪ್ ರೆಕಾರ್ಡರ್ ಇದ್ದವು. ಒಂದು ಗುಂಡಿ ಒತ್ತಿದ್ದರೆ ಮುಗಿಯುತ್ತಿತ್ತು. ಕಂಪನಿಯವನು, "ಒಳಗೇನಿದೆ ಅಂತ ಕೇಳೋದು ನಮ್ಮ ಕೆಲಸ ಅಲ್ಲ. ಕವರ್ ನಮ್ಮದು, ಅಷ್ಟು ಸಾಕು" ಎಂದ. ಇನ್‌ಸ್ಪೆಕ್ಟರು ಗಡಿಯಾರ ನೋಡಿಕೊಂಡರು.

ಮಹಜರು ಬರೆಯಲು ಎಲ್ಲರೂ ನನ್ನ ಅಂಗಡಿಗೆ ಬಂದರು. ಹೇಳಿ ಬರೆಸಿದ್ದು ಕಂಪನಿಯವನು, ಟೈಪ್ ಮಾಡಿದ್ದು ನಾನು, ಇನ್‌ಸ್ಪೆಕ್ಟರು ಟೀ ಕುಡಿಯುತ್ತ ನಿಂತಿದ್ದರು. 'ನಕಲಿ ಚಲನಚಿತ್ರ ಗೀತೆಗಳ ಕ್ಯಾಸೆಟ್ಟುಗಳು' ಎಂದು ಹೊಡೆದೆ. ನನ್ನ ಬೆನ್ನ ಹಿಂದೆ ಜೆರಾಕ್ಸ್ ಮಿಷಿನ್ನಿನ ಮೇಲೆ ಪಿಯುಸಿ ಗೈಡೊಂದು ಬೋರಲಾಗಿ ಬಿದ್ದಿತ್ತು. ರಟ್ಟಿನಿಂದ ರಟ್ಟಿನವರೆಗೆ ಪುಸ್ತಕ ನಕಲು ಮಾಡಿ ಬೈಂಡ್ ಹಾಕಿ ಕೊಡುತ್ತಿದ್ದ ಕಳ್ಳ ನಾನು. ನನ್ನ ಕಡೆ ಯಾರೂ ತಿರುಗಿ ನೋಡಲಿಲ್ಲ.

"ಈ ಕವರ್ ಎಲ್ಲಿ ಮಾಡ್ಸಿದ್ದು?" ಎಂದು ಇನ್‌ಸ್ಪೆಕ್ಟರು ಸಾಬರನ್ನು ಕೇಳಿದರು.

ಸಾಬರು ನನ್ನ ಮುಖ ನೋಡಲಿಲ್ಲ. "ಮೈಸೂರಲ್ಲಿ ಸಾರ್."

"ಮೈಸೂರಲ್ಲಿ ಯಾರ ಹತ್ರ?"

"ನೆನಪಿಲ್ಲ ಸಾರ್."

ಕೆನ್ನೆಗೆ ಒಂದು ಬಿತ್ತು. ನನ್ನ ಬೆರಳು ಕೀಲಿಗಳ ಮೇಲೇ ಇತ್ತು. 'ಆರೋಪಿಗೆ ಮೈಸೂರಿನ ನಕಲಿ ಜಾಲದ ಸಂಪರ್ಕವಿದ್ದು' ಎಂದು ಕಂಪನಿಯವನು ಮುಂದುವರಿಸಿದ. ಅದನ್ನೂ ಹೊಡೆದೆ. ಕೊನೆಗೆ ಪಂಚರ ಸಹಿ ಬೇಕೆಂದರು, ಹಾಕಿದೆ.

ಆಮೇಲೆ ಒಂದೂವರೆ ವರ್ಷ ಕೋರ್ಟು. ಅಷ್ಟು ದಿನವೂ ಆ ದನಿಗಳು ಸ್ಟೇಷನ್ನಿನ ಕೋಣೆಯಲ್ಲಿ ಗೋಣಿಚೀಲದೊಳಗೆ ಬಿದ್ದಿದ್ದವು. ಕ್ಯಾಸೆಟ್ ಹಾಕಿ ಕೇಳಿ ಎಂದರೆ, ಮಹಜರಿನ ಪಂಚರು ಸಾಕ್ಷಿ ಹೇಳಿದ ಮೇಲೆ ನೋಡೋಣ ಎಂದು ಕೋರ್ಟು ಮುಂದೂಡಿತು. ತಪ್ಪೊಪ್ಪಿಕೊಂಡರೆ ದಂಡ ಕಟ್ಟಿ ಬಿಡಬಹುದು ಎಂದು ವಕೀಲರು ಮೊದಲೇ ಹೇಳಿದ್ದರು. ಸಾಬರು ಒಪ್ಪಲಿಲ್ಲ. "ಕದ್ದಿಲ್ಲ, ಕದ್ದೆ ಅಂತ ಹೆಂಗೆ ಅನ್ಲಿ? ಸತ್ಯ ಗೊತ್ತಿರೋರು ಒಬ್ರು ಕೋರ್ಟಲ್ಲಿ ನಾಲ್ಕು ಮಾತಾಡಿದ್ರೆ ನನ್ನ ಬೀರು ವಾಪಸ್ ಬರ್ತದೆ ಮೇಷ್ಟ್ರೇ" ಎಂದರು. ಆ ಒಬ್ಬರು ಯಾರೆಂದು ಅವರು ಹೇಳಲಿಲ್ಲ, ನಾನು ಕೇಳಲಿಲ್ಲ.

ಆ ನಡುವೆ ಬೇಗೂರಿನ ತವರಿಗೆ ಬಂದಿದ್ದ ಹೆಂಗಸೊಬ್ಬಳು ಅಂಗಡಿಗೆ ಬಂದಳು. "ನಮ್ಮವ್ವ ತೀರ್ಕಂಡ್ಲು ಕಣಣ್ಣ. ಮನೇಲಿದ್ದುದ್ನ ಟೇಪು ತಿಂದಾಕ್ಬುಡ್ತು. ಆ ಕುದ್ರೇದು ಇನ್ನೊಂದ್ಸಲ ತುಂಬ್ಕೊಡಿ" ಎಂದಳು. ಸಾಬರು, "ನಿಮ್ಮವ್ವ ಕೋರ್ಟಲ್ಲವ್ಳೆ ತಾಯಿ. ಬರ್ತಾಳೆ, ಬಂದ ದಿನ ನಾನೇ ಮನೆಗೆ ತಂದುಕೊಡ್ತೀನಿ" ಎಂದರು. ಹಲಗೆಯ ಈಚೆ ನಾನು ಕಾಗದ ಜೋಡಿಸುತ್ತ ಕೂತಿದ್ದೆ.

ಪಂಚನಾಗಿ ನಾನು ಸಾಕ್ಷಿ ಹೇಳಬೇಕಾದ ದಿನ ಬಂತು. ಕವರು ನನ್ನದೇ ಮಿಷಿನ್ನಿನದು ಎಂದರೆ ಅಂಗಡಿ ಹೋಗುತ್ತದೆ, ಜೊತೆಗೆ ನಾನೂ ಒಳಗೆ ಹೋಗುತ್ತೇನೆ ಎಂದು ಹೆದರಿದೆ. ಬೆಳಿಗ್ಗೆಯೇ ಬಾಗಿಲಿಗೆ ಬೀಗ ಹಾಕಿ ಚಾಮರಾಜನಗರದ ಬಸ್ ಹತ್ತಿದೆ. ಅಲ್ಲಿ ನನಗೆ ಯಾವ ಕೆಲಸವೂ ಇರಲಿಲ್ಲ. ಸಂಜೆಯವರೆಗೆ ಬಸ್‌ಸ್ಟ್ಯಾಂಡಿನಲ್ಲಿ ಕಡಲೇಕಾಯಿ ತಿನ್ನುತ್ತ ಕೂತೆ. ಇತ್ತ ಗುಂಡ್ಲುಪೇಟೆಯ ಕೋರ್ಟಿನಲ್ಲಿ ವಕೀಲರು, "ನಿಮ್ಮ ಪಕ್ಕದ ಅಂಗಡಿಯೋರೇ ಬರಲಿಲ್ಲ, ಇನ್ಯಾರನ್ನ ಕಾಯ್ತೀರಿ?" ಎಂದರಂತೆ. ಸಾಬರು ತಪ್ಪೊಪ್ಪಿಕೊಂಡರು. ತಪ್ಪೊಪ್ಪಿದ ಮೇಲೆ ಅದು ನಕಲಿ ಮಾಲು, ನಾಶಪಡಿಸತಕ್ಕದ್ದು ಎಂದು ಆದೇಶವಾಯಿತು. ಸ್ಟೇಷನ್ನಿನ ಹಿಂದೆ ಸುರಿದು ಬೆಂಕಿ ಹಚ್ಚಿದರು. ಪ್ಲಾಸ್ಟಿಕ್ಕಿನ ಕಮಟು ನಮ್ಮ ರಸ್ತೆಯವರೆಗೂ ಬಂತು. ಸಾಬರು ಅಂಗಡಿಯ ಮುಂದೆ ನಿಂತು ಆ ಕಡೆಗೇ ನೋಡುತ್ತಿದ್ದರು.

ಇದರಿಂದ ಆ ಕಂಪನಿ ಏನು ಉದ್ಧಾರವಾಯಿತೋ ನಾನರಿಯೆ. ಸ್ವಲ್ಪ ದಿನಕ್ಕೆ ಕ್ಯಾಸೆಟ್ಟಿನ ಕಾಲವೇ ಮುಗಿಯಿತು. ತಮ್ಮದಲ್ಲದ ಪದಗಳನ್ನು ತಮ್ಮದೆಂದು ಸುಡಿಸಿದವರನ್ನು ಯಾವ ಕೋರ್ಟೂ ಕರೆಯಲಿಲ್ಲ. ಈಗ ನನ್ನ ಅಂಗಡಿಯಲ್ಲಿ ಇಂಟರ್ನೆಟ್ ಇದೆ. ಯಾರು ಬಂದರು, ಎಷ್ಟು ಹೊತ್ತು ಕೂತರು ಎಂದು ಬರೆದಿಡಬೇಕೆಂದು ಪೊಲೀಸರ ಅಪ್ಪಣೆ. ನಮ್ಮ ಮಾತನ್ನು ಒಮ್ಮೆಯೂ ಕೇಳದವರಿಗೆ ನಾವು ಏನು ನೋಡುತ್ತೇವೆ ಎಂಬುದು ಮಾತ್ರ ಬೇಕು. ನಾನು ಬರೆದಿಡುತ್ತೇನೆ. ಹೇಳಿದ್ದನ್ನು ಬರೆಯುವುದರಲ್ಲಿ ನಾನು ಮೊದಲಿನಿಂದಲೂ ಗಟ್ಟಿಗ.

ಸಾಬರು ಅಂಗಡಿ ಮುಚ್ಚಿ, ಭಾಮೈದನ ಬೇಕರಿಯಲ್ಲಿ ಕೂರುತ್ತಿದ್ದರು. ನನ್ನ ಜೊತೆ ಮಾತು ಬಿಡಲಿಲ್ಲ, ಒಂದು ದಿನವೂ ಆ ವಿಷಯ ಎತ್ತಲಿಲ್ಲ. ಹೋದ ವರ್ಷ ಎದೆನೋವು ಎಂದವರು ಮೈಸೂರಿನ ಆಸ್ಪತ್ರೆ ಮುಟ್ಟಲಿಲ್ಲ.

ಮಣ್ಣಾದ ಮೂರನೆಯ ದಿನ ಅವರ ಮನೆಗೆ ಹೋದೆ. ಅವರ ಹೆಂಡತಿ ಟೀ ತಂದಿಟ್ಟು, ಬಾಗಿಲ ಪರದೆಯ ಪಕ್ಕ ನಿಂತು ಹೇಳಿದರು: "ನಮ್ಮನೆಯವ್ರು ಕೊನೇ ತನಕ ಒಂದೇ ಮಾತು ಹೇಳ್ತಿದ್ರು ಮೇಷ್ಟ್ರೇ. ಪಾಪ, ಮೇಷ್ಟ್ರಿಗೆ ಕೋರ್ಟಿನ ಸಮನ್ಸ್ ತಲುಪಿಲ್ಲ ಅಂತ ಕಾಣ್ತದೆ, ತಲುಪಿದ್ರೆ ಬರ್ದೇ ಇರೋ ಮನುಷ್ಯ ಅಲ್ಲ, ಅಂತ."

ಸಮನ್ಸ್ ತಲುಪಿತ್ತು. ಒಂದು ವಾರ ಮೊದಲೇ ಪೇದೆ ತಂದುಕೊಟ್ಟಿದ್ದ. ಬಸ್‌ಸ್ಟ್ಯಾಂಡಿನಲ್ಲಿ ಕೂತಿದ್ದಾಗ ಅದು ನನ್ನ ಅಂಗಿಯ ಜೇಬಿನಲ್ಲೇ ಇತ್ತು.

"ಹೌದಮ್ಮ, ತಲುಪಲಿಲ್ಲ" ಎಂದೆ.