ನೇರಳೆ ಪುಡಿಯ ಸೀಸೆ

ಸತ್ತವರು ಬಂದು ಹೋಗುತ್ತಾರೆ ಎಂದು ಯಾರಾದರೂ ಹೇಳತೊಡಗಿದರೆ ನಾನು ಎದ್ದು ಹೋಗುತ್ತಿದ್ದೆ. ಗಂಡ ತೀರಿಕೊಂಡ ಮೇಲೂ ನನ್ನ ಅಭಿಪ್ರಾಯ ಬದಲಾಗಿರಲಿಲ್ಲ. ಈಗಲೂ ಪೂರ್ತಿ ಬದಲಾಗಿದೆ ಎನ್ನಲಾರೆ. ಆದರೆ ಕೆಲವು ವರ್ಷಗಳ ಹಿಂದೆ, ಬಣಕಲ್‌ನ ನಮ್ಮ ಮನೆಯಲ್ಲಿ ನಾನು ಬಾಣಂತಿಯಾಗಿದ್ದಾಗ, ಒಂದು ಮಧ್ಯಾಹ್ನ ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ.

ನನ್ನ ಗಂಡ ಮಂಗಳೂರಿನ ಒಂದು ಪ್ರಯೋಗಾಲಯದಲ್ಲಿದ್ದರು. ಕೆಂಡದಿಂದ, ಗಾಡಿಯ ಹೊಗೆಯಿಂದ ಬರುವ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಗಾಳಿಯನ್ನು ಚಳಿಯಲ್ಲೂ ನಿರಪಾಯ ಮಾಡುವ ಪುಡಿ ತಯಾರಿಸುವುದು ಅವರ ಕೆಲಸ. ಬಂಗಾರವನ್ನು ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಾಗಿಸಿ ಒಂದು ಬಿಳಿ ಪುಡಿಯ ಮೇಲೆ ಕೂರಿಸುತ್ತಿದ್ದರು. ಆಗ ಅದರ ಹಳದಿ ಹೋಗಿ ನೇರಳೆ ಬಣ್ಣ ಬರುತ್ತದೆ. ವಿಷಗಾಳಿಯ ಮೇಲೆ ಕೆಲಸ ಮಾಡುವಾಗ ಆ ಪುಡಿ ತಾನೂ ಕಾಯುತ್ತದಂತೆ.

"ನಿನ್ನ ಬಳೆ ಸುಮ್ನೆ ಹೊಳೀತದೆ ಅಷ್ಟೆ ಮಾರಾಯ್ತಿ. ನಂಗೆ ಕೊಡು, ಕೆಲ್ಸಕ್ಕೆ ಬರೋ ಹಂಗೆ ಮಾಡ್ತೀನಿ" ಎಂದು ಛೇಡಿಸುತ್ತಿದ್ದರು.

"ಮೊದ್ಲು ನೀವೊಂದು ಬಳೆ ಮಾಡ್ಸಿ ಕೊಡಿ, ಆಮೇಲೆ ಪುಡಿ ಮಾಡಿ" ಎನ್ನುತ್ತಿದ್ದೆ.

ಮೊದಲ ಬಾರಿ ಸರಿಯಾಗಿ ಬಂದ ಪುಡಿಯಲ್ಲಿ ಒಂದು ಚಮಚದಷ್ಟನ್ನು ಗಾಜಿನ ಸೀಸೆಗೆ ಹಾಕಿ, ಮುಚ್ಚಳಕ್ಕೆ ಮೇಣ ಸುರಿದು ಮನೆಗೆ ತಂದಿದ್ದರು. ಆ ಗಾಳಿಯನ್ನು ಅಳೆಯುವ ಸಣ್ಣ ಮೀಟರನ್ನೂ ತಂದಿದ್ದರು. ಜ್ವರ ಬಂದು ಅವರು ಹೋದಾಗ ನನಗೆ ಏಳು ತಿಂಗಳು. ಎರಡನ್ನೂ ಕಿಟಕಿಯ ಕಲ್ಲಿನ ಮೇಲೆ, ಮಲಗಿದರೆ ಕಾಣುವ ಹಾಗೆ ಇಟ್ಟುಕೊಂಡಿದ್ದೆ.

ನಮ್ಮ ಮನೆಯಲ್ಲಿ ಬಾಣಂತಿಗೆ ಎಣ್ಣೆನೀರು ಹಾಕಿದ ಮೇಲೆ ಮಂಚದ ಕೆಳಗೆ ಕೆಂಡ ಇಡುತ್ತಾರೆ. ಬೇಡವೆಂದೆ. ಅತ್ತೆ ಕೇಳಲಿಲ್ಲ. "ಹೊಗೆ ಎಲ್ಲ ಹೋದ್ಮೇಲೇ ತಂದಿದೀನಲ್ಲೇ, ಬರೀ ಕೆಂಡ. ನಿನ್ನ ಗಂಡನೂ ಇದೇ ಕಾವಲ್ಲಿ ಬೆಳೆದವ್ನೇ" ಎಂದರು. ಕಿಟಕಿಯಾದರೂ ತೆರೆದಿರಲಿ ಎಂದು ಒಪ್ಪಿಸಿ ಮಲಗಿದೆ. ನನಗೆ ನಿದ್ದೆ ಹತ್ತಿದ ಮೇಲೆ, ಮಗುವಿಗೆ ಥಂಡಿಯೆಂದು ಅವರು ಕಿಟಕಿ ಮುಚ್ಚಿ, ಬಾಗಿಲೆಳೆದುಕೊಂಡು, ಕಾಫಿ ಒಣಗಿಸುವ ಅಂಗಳಕ್ಕೆ ಹೋಗಿದ್ದರು.

ಎಚ್ಚರವಾದಾಗ ತಲೆ ಸಿಡಿಯುತ್ತಿತ್ತು. ಮೀಟರು ಕೂಗುತ್ತಿತ್ತು. ಅಂಕಿ ಐನೂರು ದಾಟಿತ್ತು. ನೂರು ದಾಟಿದರೆ ಕೋಣೆ ಬಿಟ್ಟು ಓಡಬೇಕೆಂದು ಗಂಡ ಹೇಳಿಕೊಟ್ಟಿದ್ದರು. ಕಾಲು ಎತ್ತಲಾಗಲಿಲ್ಲ. ಬಾಯಿ ತೆರೆದರೆ ಸ್ವರ ಬರಲಿಲ್ಲ. ಪಕ್ಕದಲ್ಲಿ ಮಗು ಅಳುತ್ತಿರಲಿಲ್ಲ. ಸುತ್ತಿದ ಬಟ್ಟೆಯೊಳಗೆ ಅದರ ಎದೆ ಏಳುತ್ತಿದೆಯೋ ಇಲ್ಲವೋ ತಿಳಿಯಲಿಲ್ಲ.

ಆಗ ಅಂಕಿ ಇಳಿಯತೊಡಗಿತು. ನಾನೂರು, ಇನ್ನೂರು, ಎಪ್ಪತ್ತು. ಕಿಟಕಿ ಮುಚ್ಚಿತ್ತು, ಬಾಗಿಲು ಮುಚ್ಚಿತ್ತು, ಕೆಂಡ ಕೆಂಪಗೇ ಇತ್ತು. ನನಗೆ ಯಾರೂ ಕಾಣಲಿಲ್ಲ, ಯಾವ ದನಿಯೂ ಕೇಳಲಿಲ್ಲ. ಮೀಟರಿನ ಕೂಗು ನಿಂತಿತು. ಅಂಕಿ ಸೊನ್ನೆಗೆ ಬಂತು. ಮಗು ಒಮ್ಮೆ ಸೀನಿ ಜೋರಾಗಿ ಅತ್ತಿತು.

ಅಳು ಕೇಳಿ ಅತ್ತೆ ಬಂದರು. ನನ್ನ ಮುಖ ನೋಡಿ ಗಾಬರಿಯಾಗಿ, ಕಿಟಕಿ ತೆರೆಯಲು ಸೀಸೆಯನ್ನು ಸರಿಸಹೋದವರು ಕೈ ಕೊಡವಿದರು.

"ಅಯ್ಯೋ! ಇದೆಂಥದ್ದೇ, ಹಿಂಗೆ ಸುಡ್ತದೆ?"

ಕೆಂಡವಿದ್ದದ್ದು ಮಂಚದ ಕೆಳಗೆ, ಆಚೆ ತುದಿಯಲ್ಲಿ. ಸೀಸೆ ಕೂತಿದ್ದ ಕಲ್ಲು ತಣ್ಣಗಿತ್ತು.

ಮೂಡಿಗೆರೆಯ ಡಾಕ್ಟರು ನಮ್ಮಿಬ್ಬರಿಗೂ ಆಕ್ಸಿಜನ್ ಕೊಟ್ಟರು. ಇನ್ನು ಸ್ವಲ್ಪ ಹೊತ್ತಾಗಿದ್ದರೆ ಮಗು ಉಳಿಯುತ್ತಿರಲಿಲ್ಲ ಎಂದರು.

ಆಮೇಲೆ ಗಂಡನ ಜೊತೆ ಕೆಲಸ ಮಾಡುತ್ತಿದ್ದ ಗೆಳೆಯರೊಬ್ಬರು ಮಗು ನೋಡಲು ಬಂದರು. ಮೇಣ ಒಡೆದೇ ಇಲ್ಲ, ಹೊರಗಿನ ಗಾಳಿ ತಾಗದ ಪುಡಿ ಕೆಲಸ ಮಾಡುವುದು ಹೇಗೆ ಎಂದರು. ಮಾಡಿದರೂ ಅಷ್ಟು ಪುಡಿ, ಅಷ್ಟು ಬೇಗ, ಒಂದು ಕೋಣೆಗೆ ಸಾಲದಂತೆ. ವಿಷಗಾಳಿ ಕುಡಿದ ತಲೆಗೆ ಏನೇನೋ ಕಾಣುತ್ತದೆ ಎಂದೂ ಮೆಲ್ಲಗೆ ಹೇಳಿದರು. ಒಪ್ಪಿದೆ. ಆದರೆ ಅತ್ತೆ ಆ ಗಾಳಿ ಕುಡಿದಿರಲಿಲ್ಲ. ಅವರ ಬೆರಳಿನಲ್ಲಿ ಬೊಬ್ಬೆ ಎದ್ದಿತ್ತು.

ಪರೀಕ್ಷೆ ಮಾಡಲೆಂದು ಸೀಸೆ ಒಯ್ದ ಆ ಗೆಳೆಯರು ಒಂದು ದಿನ ಫೋನ್ ಮಾಡಿದರು.

"ಪುಡಿ ಸತ್ತು ಹೋಗಿದೆ ಅಕ್ಕಾ. ಕಣಗಳೆಲ್ಲ ಒಂದಕ್ಕೊಂದು ಅಂಟಿ ದಪ್ಪ ಆಗ್ಬಿಟ್ಟಿವೆ, ಇನ್ನು ಕೆಲ್ಸ ಮಾಡಲ್ಲ."

"ಯಾಕೆ ಹಂಗಾಗುತ್ತೆ?"

"ಸುಮ್ನೆ ಇಟ್ರೂ ವರ್ಷಗಳಲ್ಲಿ ಆಗುತ್ತೆ. ಒಂದೇ ಸಲ ಅತಿಯಾಗಿ ಕಾದ್ರೂ ಆಗುತ್ತೆ."

"ಇದು ಯಾವ್ದರಿಂದ ಆಗಿದ್ದು?"

"ಪುಡಿ ನೋಡಿ ಹೇಳಕ್ಕೆ ಬರಲ್ಲ" ಎಂದರು.

ನನಗೂ ಬರುವುದಿಲ್ಲ. ಗಂಡ ಇದ್ದಿದ್ದರೆ ಅವರನ್ನೇ ಕೇಳುತ್ತಿದ್ದೆ.