ಆಯದ ಕೋಲಿನ ಮನೆ

ಮಕ್ಕಳೇ, ನಿಮ್ಮ ಹೊಸ ಮನೆಗೆ ನನ್ನನ್ನು ಕರೆದುಕೊಂಡು ಹೋಗಿ ಒಂದೊಂದೇ ಕೋಣೆ ತೋರಿಸಿದಿರಿ. ಬಾಗಿಲಿಗೆ ಗಾಳಿಗೆ ಕಿಣಿಕಿಣಿ ಎನ್ನುವ ಕೊಳವೆಯ ಗಂಟೆ ಕಟ್ಟಿದ್ದೀರಿ. ಅದು ಚೀನಾ ದೇಶದ ಶಾಸ್ತ್ರ, ಮನೆಯೊಳಗೆ ಗಾಳಿ ಸರಿಯಾಗಿ ಓಡಾಡುವ ಹಾಗೆ ಸಾಮಾನು ಇಡುವ ಕ್ರಮ ಎಂದು ದೊಡ್ಡ ಮೊಮ್ಮಗಳು ಪುಸ್ತಕ ತೆಗೆದು ಓದಿ ಹೇಳಿದಳು. ಅವಳ ಮಾತು ಕೇಳಿ ಮಂಚವನ್ನು ಎರಡು ಸಲ ತಿರುಗಿಸಿದಿರಿ. "ಅಜ್ಜಿ, ನಿಮ್ಮ ಕಾಲದಲ್ಲೂ ಇದೆಲ್ಲ ನೋಡ್ತಿದ್ರಾ?" ಎಂದು ಕೇಳಿದಿರಿ. ಅಷ್ಟು ಜನರ ಮುಂದೆ ಬಾಯಿ ತೆರೆಯಲು ನನಗೆ ನಾಚಿಕೆ. ಊರ ಸ್ಕೂಲಿನಲ್ಲಿ ನಾಲ್ಕನೇ ಕ್ಲಾಸಿನವರೆಗೆ ಓದಿದವಳು ನಾನು. ಆಡುವುದಕ್ಕಿಂತ ಬರೆಯುವುದೇ ನನಗೆ ಸಲೀಸು. ಅದಕ್ಕೇ ಬರೆಯುತ್ತಿದ್ದೇನೆ.

ನೋಡುತ್ತಿದ್ದೆವು. ನೀವು ನೋಡುವುದಕ್ಕಿಂತ ಹೆಚ್ಚಾಗಿಯೇ ನೋಡುತ್ತಿದ್ದೆವು.

ನನ್ನ ತವರು ಭೇರ್ಯದ ಹತ್ತಿರ. ಮದುವೆಯಾಗಿ ಬಂದದ್ದು ಪಿರಿಯಾಪಟ್ಟಣಕ್ಕೆ ಎರಡು ಹರದಾರಿ ದೂರದ ಹಳ್ಳಿಗೆ. ಆಗ ಮಹಾರಾಜರ ಕಾಲ. ಗಾಡಿ ಇಳಿದು ಹೊಸ್ತಿಲು ದಾಟಿದ ದಿನವೇ ನಮ್ಮ ಅತ್ತೆ ನನ್ನ ಕೈ ಹಿಡಿದು ಮನೆಯ ಮೂಲೆ ಮೂಲೆ ತೋರಿಸಿದರು. ಈಶಾನ್ಯದಲ್ಲಿ ನೀರಿನ ಹಂಡೆ, ಅಗ್ನಿಮೂಲೆಯಲ್ಲಿ ಒಲೆ, ನೈಋತ್ಯದಲ್ಲಿ ರಾಗಿ ತುಂಬಿಡುವ ಮಣ್ಣಿನ ವಾಡೆ. ಬೀಸುವ ಕಲ್ಲು ಇದ್ದ ಜಾಗದಿಂದ ಅಲುಗಬಾರದು. ಪೊರಕೆ ಹೊರಗಿನವರ ಕಣ್ಣಿಗೆ ಬೀಳಬಾರದು. ಉತ್ತರಕ್ಕೆ ತಲೆ ಹಾಕಿ ಮಲಗಬಾರದು. ಒಲೆ ಮುಂದೆ ಕೂತಾಗ ಮುಖ ಪೂರ್ವಕ್ಕಿರಬೇಕು. ಮಂಗಳವಾರ, ಶುಕ್ರವಾರ ನೆಲ ಸಾರಿಸಿ, ಗೋಡೆಯ ಬುಡಕ್ಕೆ ಕೆಮ್ಮಣ್ಣಿನ ಪಟ್ಟಿ ಎಳೆದು, ಅದರ ಮೇಲೆ ಸುಣ್ಣದಲ್ಲಿ ಎಳೆ ರಂಗೋಲಿ ಬರೆಯಬೇಕು. ಆ ಪಟ್ಟಿ ಬರೆಯುವುದೊಂದು ನನಗೆ ಬಲು ಇಷ್ಟವಾದ ಕೆಲಸ. ಯಾರ ಜೊತೆಯೂ ಮಾತಾಡಬೇಕಾಗಿರಲಿಲ್ಲವಲ್ಲ.

ಬಂದ ಹೊಸದರಲ್ಲಿ ಒಂದು ಸಲ, ಬಾವಿಯಿಂದ ನೀರು ತಂದು ಸುಸ್ತಾಗಿ ಬಿಂದಿಗೆಯನ್ನು ವಾಡೆಯ ಪಕ್ಕ ಇಳಿಸಿಬಿಟ್ಟೆ. ಮಾವ ಜಗಲಿಯಿಂದಲೇ ಕಂಡರು.

"ಯಾರವ್ವ ಅದು ರಾಗಿ ಮೂಲೆಗೆ ನೀರ್ ಇಕ್ಕಿದ್ದು? ಭೇರ್ಯದ ಕಡೆ ರಾಗಿನ ನೀರಾಗೇ ಮಡಗ್ತಾರಾ?"

ನಾನು ನಾಚಿಕೆಯಿಂದ ಸತ್ತೇಹೋದೆ. ಮಾವ ಕೆಟ್ಟವರಲ್ಲ. ಮಾತು ಗಟ್ಟಿ, ಮನಸ್ಸು ಮೆತ್ತಗೆ. ಆದರೆ ಮನೆಯ ಆಯದ ವಿಷಯ ಬಂದರೆ ಮಾತ್ರ ಯಾರ ಮಾತನ್ನೂ ಕೇಳುತ್ತಿರಲಿಲ್ಲ.

ಆಯ ಅಂದರೆ ಏನೆಂದು ನಿಮಗೆ ಹೇಳಬೇಕು. ಆ ಕಾಲದಲ್ಲಿ ಮನೆ ಕಟ್ಟುವಾಗ ಅಂಗಡಿಯ ಟೇಪು ಹಿಡಿದು ಅಳೆಯುತ್ತಿರಲಿಲ್ಲ. ಯಜಮಾನನ ಪಾದದ ಉದ್ದವನ್ನು ಅರಿಶಿನ ಹಚ್ಚಿದ ದಾರದಲ್ಲಿ ಹಿಡಿದು, ಆ ದಾರವನ್ನು ಆಚಾರಿಗೆ ಕೊಡುತ್ತಿದ್ದರು. ಆಚಾರಿ ಅದೇ ಅಳತೆಗೆ ಒಂದು ಕೋಲಿನಲ್ಲಿ ಪಾದಕ್ಕೊಂದರಂತೆ ಕಚ್ಚು ಹಾಕುತ್ತಿದ್ದ. ಅದೇ ಆಯದ ಕೋಲು. ಗೋಡೆ ಎಷ್ಟು ಪಾದ, ಬಾಗಿಲು ಎಷ್ಟು ಪಾದ ಎಂದು ಲೆಕ್ಕ ಹಾಕಿ, ಉದ್ದಗಲ ಗುಣಿಸಿ, ಎಂಟರಿಂದ ಭಾಗಿಸಿ, ಉಳಿದದ್ದರಲ್ಲಿ ಒಳ್ಳೆಯ ಆಯ ಬರುವ ಹಾಗೆ ಮಾಡುತ್ತಿದ್ದ. ಕಿಟಕಿ ಬಾಗಿಲುಗಳೂ ಸಮಸಂಖ್ಯೆಯಲ್ಲಿರಬೇಕು. ಮನೆ ಯಜಮಾನನ ಮೈಗೆ ಹೊಲಿದ ಅಂಗಿಯ ಹಾಗೆ ಎಂದು ಮಾವ ಹೇಳುತ್ತಿದ್ದರು.

ಅವರು ಹಾಗೆ ನಂಬುವುದಕ್ಕೆ ಕಾರಣವಿತ್ತು. ಹಳೆಯ ಮನೆಯಲ್ಲಿ ಅವರಿಗೆ ಹುಟ್ಟಿದ ಎರಡು ಕೂಸುಗಳು ವರ್ಷ ತುಂಬುವ ಮೊದಲೇ ಹೋದವು. ಆ ಮನೆಯ ಆಯ ಕೆಟ್ಟದ್ದು ಎಂದು ಯಾರೋ ಹೇಳಿದರಂತೆ. ಆಮೇಲೆ ಈ ಮನೆ ಕಟ್ಟಿದ್ದು. ಇಲ್ಲಿ ಹುಟ್ಟಿದ ನಾಲ್ಕೂ ಮಕ್ಕಳು ಉಳಿದರು. ಅವರಲ್ಲಿ ಮೊದಲನೆಯವರೇ ನಿಮ್ಮ ತಾತ.

ಆ ಮನೆಯಲ್ಲಿ ಒಂದು ವಿಚಿತ್ರವಿತ್ತು. ಬಾಗಿಲುಗಳೆಲ್ಲ ಗಿಡ್ಡ. ಮಾವ ಎತ್ತರದ ಆಳು. ದಿನಕ್ಕೆ ಒಂದು ಸಲವಾದರೂ ಅವರ ಹಣೆ ಮೇಲಿನ ಮರಕ್ಕೆ ಠಣ್ ಎಂದು ತಗಲುತ್ತಿತ್ತು. ಹಣೆ ಉಜ್ಜಿಕೊಂಡು, "ಮನೆಗೆ ತಲೆ ಬಗ್ಗಿಸಿ ಬರ್ಬೇಕು ಅಂತಲೇ ಆಚಾರಿ ಇಂಗ್ ಮಾಡವ್ನೆ" ಎನ್ನುತ್ತಿದ್ದರು. ತೊಲೆಗಳನ್ನು ಕುಯ್ದು ಮಿಕ್ಕಿದ ಮತ್ತಿ ಮರದ ತುಂಡುಗಳೇ ಜಗಲಿಗೆ ಎರಡು ಬೆಂಚು ಆಗಿದ್ದವು. ಅಷ್ಟು ಮರ ಯಾಕೆ ಮಿಕ್ಕಿತು ಎಂದು ಯಾರೂ ಕೇಳಿದವರಲ್ಲ. ಮಾವನ ಹಣೆ ತಗಲಿದಾಗಲೆಲ್ಲ ನಾವು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದೆವು. ಅತ್ತೆ ಮಾತ್ರ ನಗುತ್ತಿರಲಿಲ್ಲ. ಗಂಡನ ಮೇಲಿನ ಅಕ್ಕರೆ ಎಂದು ನಾನು ತಿಳಿದಿದ್ದೆ.

ನಿಮ್ಮ ಅಪ್ಪ ಹುಟ್ಟಿ ಏಳು ತಿಂಗಳಾಗಿತ್ತು. ಆ ವರ್ಷ ಮಳೆ ಬಿಡದೆ ಹಿಡಿಯಿತು. ಕೊಡಗಿನ ಕಡೆಯಿಂದ ಬೀಸುವ ಗಾಳಿ ಜಗಲಿಯಲ್ಲಿ ಕೂಸನ್ನು ಮಲಗಿಸಲು ಬಿಡುತ್ತಿರಲಿಲ್ಲ. ಅಡುಗೆಮನೆಯಲ್ಲೇ ತೊಟ್ಟಿಲು ಕಟ್ಟಿಕೊಂಡೆ. ಗದ್ದೆಯ ಆಳುಗಳಿಗೂ ಸೇರಿಸಿ ಮುದ್ದೆಯ ಹಿಟ್ಟು ಬೇಯಿಸಬೇಕು. ಸೌದೆಯೆಲ್ಲ ಹಸಿ. ಆ ಅಡುಗೆಮನೆಗೆ ಒಂದೂ ಕಿಟಕಿಯಿಲ್ಲ. ಹೆಂಚಿನ ಸಂದಿಯಲ್ಲಿ ಹೋದಷ್ಟೇ ಹೊಗೆ ಹೋಗಬೇಕು, ಮಿಕ್ಕಿದ್ದು ನಾವು ಕುಡಿಯಬೇಕು. ಕೂಸಿಗೆ ಕೆಮ್ಮು ಹಿಡಿಯಿತು. ಮೊದಲು ಒಣ ಕೆಮ್ಮು. ಆಮೇಲೆ ಉಸಿರೆಳೆದಾಗ ಎದೆಯೊಳಗೆ ಬೆಕ್ಕು ಗುರುಗುಟ್ಟಿದ ಹಾಗೆ ಸದ್ದು. ಪಕ್ಕೆ ಒಳಕ್ಕೆ ಹೋಗುತ್ತಿತ್ತು.

ಪಿರಿಯಾಪಟ್ಟಣದ ಪಂಡಿತರ ಹತ್ತಿರ ಕರೆದುಕೊಂಡು ಹೋದೆವು. ಅವರು ಕೂಸಿನ ಎದೆಗೆ ಕಿವಿಯಿಟ್ಟು ಕೇಳಿದರು. ಆಮೇಲೆ ನನ್ನ ಸೀರೆಯ ಸೆರಗನ್ನು ಮೂಸಿದರು.

"ಔಷಧ ಕೊಡ್ತೀನಿ ಕಣಮ್ಮ. ಆದ್ರೆ ಈ ಹೊಗೆಯಲ್ಲೇ ಮಲಗಿಸಿದ್ರೆ ನನ್ನ ಔಷಧ ಏನೂ ಮಾಡಲ್ಲ. ಅಡುಗೆಮನೆಗೆ ಗಾಳಿ ಮಾಡಿಸಿ" ಎಂದರು.

ಮನೆಗೆ ಬಂದು ನಿಮ್ಮ ತಾತನಿಗೆ ಹೇಳಿದೆ. ಅವರು ತಲೆ ಕೆರೆದುಕೊಂಡು, "ಅಪ್ಪಯ್ಯನ ಹತ್ರ ಯಾರ್ ಹೇಳೋರು?" ಎಂದರು. ಅಷ್ಟೇ. ಮಾವನ ಎದುರು ನಿಂತು ಮಾತಾಡುವುದು ನನ್ನ ಕೈಲಾಗದ ಕೆಲಸ. ಅತ್ತೆಗೆ ಹೇಳಿದೆ. ಅವರು ಕೂಸನ್ನು ಹೆಗಲಿಗೆ ಹಾಕಿಕೊಂಡು ಅದರ ಬೆನ್ನು ತಟ್ಟುತ್ತಾ ಕೇಳಿಸಿಕೊಂಡರು.

ಅಂದೇ ಅವರು ಮಾವನ ಹತ್ತಿರ ಮಾತೆತ್ತಿದರು. ನಾನು ಗೋಡೆಯ ಹಿಂದೆ ನಿಂತಿದ್ದೆ.

"ಅಡ್ಗೆ ಮನೆಗೊಂದು ಕಿಂಡಿ ಹೊಡ್ಸಿ ಅಂತ ಪಂಡಿತ್ರು ಹೇಳವ್ರೆ ಕಣ್ರೀ."

"ಪಂಡಿತ್ರು ಔಷ್ದಿ ಕೊಡ್ಲಿ. ಮನೆ ಇಚಾರ ಅವ್ರಿಗ್ಯಾಕೆ? ಆರು ಕಿಟ್ಕಿ ಬಾಗ್ಲು ಅವೆ. ಏಳು ಮಾಡಾಕಾಯ್ತದಾ? ಗೋಡೆ ಒಡೆದ್ರೆ ಆಯ ಕೆಡ್ತದೆ. ಆಯ ಕೆಟ್ರೆ ಮೊದ್ಲು ತಟ್ಟೋದು ಯಾರ್ಗೆ? ತೊಟ್ಲಲ್ಲಿರೋದ್ಕೆ. ಎರಡು ಮಣ್ಣು ಮಾಡಿದೀನಿ ಕಣೆ ನಾನು. ಮೂರನೇದ್ಕೆ ಗುದ್ದಲಿ ಇಡಾಕೆ ಹೇಳ್ಬ್ಯಾಡ ನಂಗೆ."

ನನಗೆ ಅವರ ಮೇಲೆ ಸಿಟ್ಟು ಮಾಡಿಕೊಳ್ಳಲೂ ಆಗಲಿಲ್ಲ. ಕೂಸು ಉಳಿಯಲೆಂದೇ ನಾನು ಗೋಡೆ ಒಡೆಯಬೇಕು ಎನ್ನುತ್ತಿದ್ದೆ, ಕೂಸು ಉಳಿಯಲೆಂದೇ ಅವರು ಒಡೆಯಬಾರದು ಎನ್ನುತ್ತಿದ್ದರು.

ಇನ್ನೂ ಮೂರು ದಿನ ಹಾಗೇ ಹೋಯಿತು. ಕೂಸು ಹಾಲು ಕುಡಿಯುವುದನ್ನು ಬಿಟ್ಟಿತು. ಎರಡು ಗುಟುಕು ಎಳೆದರೆ ಉಸಿರು ಸಿಗದೆ ಬಾಯಿ ಬಿಟ್ಟುಬಿಡುತ್ತಿತ್ತು. ಮೂರನೆಯ ದಿನ ಮಧ್ಯಾಹ್ನ ಮಾವ ಮತ್ತು ನಿಮ್ಮ ತಾತ ಊಟಕ್ಕೆ ಕೂತಿದ್ದರು, ನಾನು ಒಲೆಯ ಹತ್ತಿರ ಇದ್ದೆ. ಅತ್ತೆ ಮುದ್ದೆ ಬಡಿಸಿ, ಸಾರು ಬಿಟ್ಟು, ಎದ್ದು ಹೋಗದೆ ಮಾವನ ಎದುರಿಗೇ ಕೂತರು. ಅವರು ಹಾಗೆ ಕೂತದ್ದನ್ನು ನಾನು ಮೊದಲು ಕಂಡಿರಲಿಲ್ಲ.

"ಆಯ ಕೆಡ್ತದೆ ಅಂತೀರಲ್ಲ, ಆಯ ಯಾರ್ದು?" ಎಂದರು.

"ಯಾರ್ದು ಅಂದ್ರೆ? ನಂದು. ನನ್ ಪಾದ ಅಳೆದು ಕಟ್ಟಿದ ಮನೆ ಕಣೆ ಇದು."

"ನಿಮ್ದಲ್ಲ. ನಂದು."

ಮಾವ ಮುದ್ದೆ ಮುರಿಯುತ್ತಿದ್ದ ಕೈ ನಿಲ್ಲಿಸಿದರು. "ಏನಂದೆ?"

"ನೀವು ಪಾದ ಅಳೆದ ದಾರಾನ ದೀಪದ ಗೂಡಲ್ಲಿ ಮಡಗಿ ಕೋಟೆ ಕಾಡಿನ ಕಡೆ ಮರ ತರಾಕೆ ಹೋದ್ರಲ್ಲ. ಮಾರನೆ ಬೆಳಿಗ್ಗೆ ಪೂಜೆಗೆ ಹೊತ್ತಾಯ್ತು ಅಂತ ನಿಮ್ಮವ್ವ ಕೂಗ್ತಿದ್ರು. ಕೈಗೆ ಸಿಕ್ಕಿದ ದಾರ ತಕಂಡು ಹೂವ ಕಟ್ಬುಟ್ಟೆ. ದೇವ್ರಿಗೆ ಏರ್ಸಿದ್ ಮೇಲೆ ನೋಡ್ತೀನಿ, ಅರಿಶಿನದ ದಾರ. ತುಂಡು ತುಂಡು ಮಾಡಿದ್ದೆ. ಆಚಾರಿ ಬಾಗ್ಲಲ್ಲಿ ನಿಂತವ್ನೆ. ನೀವು ಬರಾದು ಇನ್ನೂ ನಾಕು ದಿನ. ನಿಮ್ಮವ್ವಂಗೆ ಹೇಳಿದ್ರೆ ಎರಡು ಮಕ್ಳು ತಿಂದವ್ಳು ಮನೇನೂ ತಿಂದ್ಲು ಅಂತಿದ್ರು."

"ಆಮ್ಯಾಕೆ?"

"ಆಮ್ಯಾಕೇನು. ಕೊಟ್ಟಿಗೇಲಿ ಕೂತ್ಕಂಡು ನನ್ ಪಾದಾನೇ ಅಳೆದೆ. ಹೊಸ ದಾರಕ್ಕೆ ಅರಿಶಿನ ಹಚ್ಚಿ ಕೊಟ್ಬುಟ್ಟೆ."

ನಿಮ್ಮ ತಾತ ತಟ್ಟೆ ನೋಡುತ್ತಾ ಕೂತಿದ್ದರು. ಅತ್ತೆ ಮೆಲ್ಲಗೆ ಹೇಳಿದರು: "ನೀವು ಬಾಗ್ಲಿಗೆ ತಲೆ ತಗಲಿಸ್ಕಂಡಾಗೆಲ್ಲ ನಾನೇ ಹೊಡ್ದಂಗಾಯ್ತಿತ್ತು. ಇಪ್ಪತ್ತೆರಡು ವರ್ಸ."

ಮಾವ ಕೈ ತೊಳೆದರು. ಏಣಿ ಹಾಕಿ ಅಟ್ಟ ಹತ್ತಿದರು. ಮಸಿ ಹಿಡಿದ ಆಯದ ಕೋಲನ್ನು ಇಳಿಸಿ ತಂದು ನೆಲದ ಮೇಲೆ ಹಾಕಿ, ತಮ್ಮ ಪಾದ ಇಟ್ಟರು. ಮೊದಲ ಕಚ್ಚನ್ನು ದಾಟಿ ಎರಡು ಬೆರಳು ಆಚೆ ಹೋಯಿತು. ಅತ್ತೆಯ ಕಡೆ ನೋಡಿ, "ಇಡು" ಎಂದರು. ಅತ್ತೆ ಸೀರೆಯ ನಿರಿಗೆ ಸ್ವಲ್ಪ ಎತ್ತಿ ಪಾದ ಇಟ್ಟರು. ಹಿಮ್ಮಡಿ ಕೋಲಿನ ತುದಿಗೆ, ಹೆಬ್ಬೆರಳು ಕಚ್ಚಿಗೆ ಸರಿಯಾಗಿ ಕೂತಿತು.

ಮಾವ ಕೋಲನ್ನು ಗೋಡೆಗೆ ಒರಗಿಸಿ ಹೊರಗೆ ಹೊರಟರು. ಹೋಗುವಾಗ ಹಣೆ ಮರಕ್ಕೆ ಠಣ್ ಎಂದಿತು. ಯಾರೂ ನಗಲಿಲ್ಲ.

ಜಗಲಿಯ ಬೆಂಚಿನ ಮೇಲೆ ಅವರು ಬಹಳ ಹೊತ್ತು ಕೂತಿದ್ದರು. ನಾನು ಒಳಗೆ ಕೂಸಿನ ಎದೆಗೆ ಬಿಸಿ ಬಟ್ಟೆಯ ಕಾವು ಕೊಡುತ್ತಿದ್ದೆ. ಅತ್ತೆ ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡಿದ್ದರು. ಅವರನ್ನು ತವರಿಗೆ ಕಳಿಸಿಬಿಡುತ್ತಾರೇನೋ ಎಂದು ನಾನು ಹೆದರಿದ್ದೆ. ಆ ವಯಸ್ಸಿನಲ್ಲಿ ಅವರಿಗೆ ತವರೆಂಬುದೇ ಇರಲಿಲ್ಲ, ಆದರೂ ಹಾಗೆ ಹೆದರಿದ್ದೆ.

ಹೊರಗಿನಿಂದ ಮಾವನ ದನಿ ಬಂತು.

"ಅಲ್ಲ ಕಣೆ, ಹಂಗಾದ್ರೆ ಇಷ್ಟು ಮರ ಮಿಕ್ಕಿದ್ದು ಇದಕ್ಕಾ?"

ಅತ್ತೆ ಕಣ್ಣು ತೆರೆದರು. "ಹೂಂ."

"ಆಚಾರಿನ ಎಷ್ಟು ಬೈದಿದ್ದೆ ನಾನು, ಲೆಕ್ಕ ಬರಲ್ಲ ಮುಂಡೇಗಂಡಂಗೆ ಅಂತ." ಮತ್ತೆ ಹೇಳಿದರು: "ನಾಕು ಮಕ್ಳೂ ಉಳಿದ್ವು ಈ ಮನೇಲಿ."

"ಉಳಿದ್ವು."

"ನಿನ್ ಪಾದದಲ್ಲೇ ಉಳಿದ್ವು."

ಮಾವ ತಲೆ ಬಗ್ಗಿಸಿ ಒಳಗೆ ಬಂದರು. ಗುದ್ದಲಿ ಕೈಯಲ್ಲಿತ್ತು.

"ಎಲ್ಲಿ ಕಿಂಡಿ ಬೇಕು, ನೀನೇ ತೋರ್ಸು. ಮನೆ ನಿಂದಲ್ವಾ. ಆದ್ರೆ ಏಳು ಮಾತ್ರ ಮಾಡಲ್ಲ. ಬೇಕಾದ್ರೆ ಎಂಟು ಮಾಡ್ತೀನಿ."

ಹಾಗಾಗಿ ಅಡುಗೆಮನೆಗೆ ಒಂದರ ಬದಲು ಎರಡು ಕಿಟಕಿ ಬಂದವು. ಪೂರ್ವದ ಗೋಡೆಗೆ ಒಂದು, ದಕ್ಷಿಣದ ಗೋಡೆಗೆ ಒಂದು. ಅತ್ತೆ ಸುಣ್ಣದಲ್ಲಿ ಬೆರಳು ಅದ್ದಿ ಗೋಡೆಯ ಮೇಲೆ ಚೌಕ ಬರೆದರು. ಉದ್ದಗಲವನ್ನು ಅದೇ ಕೋಲಿನಿಂದ ಮಾವನೇ ಅಳೆದರು. ಮಣ್ಣಿನ ಗೋಡೆ ಮೊಳ ದಪ್ಪವಿತ್ತು. ಅಪ್ಪ ಮಗ ಇಬ್ಬರೂ ಸೇರಿ ಸಂಜೆಯೊಳಗೆ ಒಡೆದರು. ಒಂದೇ ಕಿಟಕಿಯಿದ್ದರೆ ಹೊಗೆ ಅಲ್ಲೇ ಸುತ್ತುತ್ತಿತ್ತೇನೋ. ಒಂದು ಕಡೆಯಿಂದ ಗಾಳಿ ಬಂದು ಇನ್ನೊಂದು ಕಡೆಯಿಂದ ಹೊಗೆಯನ್ನು ಎಳೆದುಕೊಂಡು ಹೋಯಿತು. ಮಾರನೆಯ ದಿನ ಒಲೆಯ ಮೇಲೆ ಮುದ್ದೆಯ ಹಿಟ್ಟು ತೊಳಸುವಾಗ ಎದುರಿನ ಗೋಡೆ ನನಗೆ ಮೊದಲ ಸಲ ಸರಿಯಾಗಿ ಕಂಡಿತು. ಅದು ಎಷ್ಟು ಕಪ್ಪಾಗಿತ್ತೆಂದರೆ, ಕೆಮ್ಮಣ್ಣು ಬಳಿಯಲು ಮೂರು ದಿನ ಉಜ್ಜಬೇಕಾಯಿತು.

ಕೂಸಿನ ಎದೆಯ ಸದ್ದು ಒಮ್ಮೆಲೇ ನಿಲ್ಲಲಿಲ್ಲ. ಐದಾರು ದಿನಕ್ಕೆ ಹಾಲು ಕುಡಿಯಿತು. ಹತ್ತು ದಿನಕ್ಕೆ ತೊಟ್ಟಿಲಿನಲ್ಲಿ ಮಗ್ಗುಲಾಗಿ, ಪೂರ್ವದ ಕಿಟಕಿಯ ಬೆಳಕಿಗೆ ಕೈ ಚಾಚಿತು. ಮಾವ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. "ಏನ್ಲಾ, ನಿಮ್ಮಜ್ಜಿ ಕಿಂಡಿ ನೋಡ್ತಿದ್ದೀಯಾ?" ಎಂದರು. ಅಂದಿನಿಂದ ಅವರು ಹಣೆ ತಗಲಿದಾಗಲೆಲ್ಲ, "ತೆಗಿ, ನಿನ್ ಕಾಲು ತಗುಲ್ತು" ಎಂದು ಅತ್ತೆಯನ್ನು ರೇಗಿಸುತ್ತಿದ್ದರು. ಅತ್ತೆ ಆಗ ನಕ್ಕರೆ, ಇಷ್ಟು ವರ್ಷ ಕೂಡಿಟ್ಟ ನಗುವನ್ನೆಲ್ಲ ಒಟ್ಟಿಗೆ ನಗುತ್ತಿದ್ದಾರೇನೋ ಅನಿಸುತ್ತಿತ್ತು.

ಬಾಗಿಲನ್ನು ಎತ್ತರಿಸೋಣ ಎಂದು ನಿಮ್ಮ ತಾತ ಒಂದೆರಡು ಸಲ ಕೇಳಿದರು. ಮಾವ ಒಪ್ಪಲಿಲ್ಲ. ನೀರು ಈಶಾನ್ಯದಲ್ಲೇ ಉಳಿಯಿತು, ರಾಗಿ ನೈಋತ್ಯದಲ್ಲೇ ಉಳಿಯಿತು. ನಾನು ಬದುಕಿರುವವರೆಗೂ ನೀರಿನ ಬಿಂದಿಗೆಯನ್ನು ಬೇರೆ ಮೂಲೆಗೆ ಇಡಲಾರೆ. ಅದರಿಂದ ಒಳ್ಳೆಯದಾಗುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ. ಕೈಗೆ ಅಭ್ಯಾಸವಾಗಿದೆ.

ನಿಮ್ಮ ಮನೆಯಲ್ಲಿ ಮಂಚ ಎಲ್ಲಿರಬೇಕು ಎಂದು ನನಗೆ ಹೇಳಲು ಬರುವುದಿಲ್ಲ, ಮಕ್ಕಳೇ. ಆದರೆ ಅಂದು ನಾನು ನಿಮ್ಮ ಅಡುಗೆಮನೆಗೆ ಹೋಗಿ, ಯಾರೂ ನೋಡದಿರುವಾಗ, ಒಲೆಯ ಮುಂದೆ ನಿಂತು ಗಾಳಿ ಎಲ್ಲಿಂದ ಬರುತ್ತದೆ ಎಂದು ನೋಡಿದೆ. ಕಿಟಕಿ ಇತ್ತು. ಅದರ ಮುಂದೆ ಡಬ್ಬಿಗಳನ್ನು ಜೋಡಿಸಿ ಮುಚ್ಚಿಬಿಟ್ಟಿದ್ದಿರಿ. ನಾಲ್ಕು ಡಬ್ಬಿಗಳನ್ನು ತೆಗೆದು ಕೆಳಗಿಟ್ಟು ಬಂದಿದ್ದೇನೆ. ನಾನೇ ಇಟ್ಟದ್ದು ಎಂದು ಅಂದೇ ಹೇಳಬೇಕಿತ್ತು, ನಾಚಿಕೆಯಾಯಿತು. ಈಗ ಬರೆದಿದ್ದೇನೆ.