ಮೂರನೇ ಸುತ್ತಿನ ಗೋಡೆಯ ಹೆಬ್ಬೆಟ್ಟು

ಬೆಟ್ಟದ ಮೇಲಿನ ಕೋಟೆಗೆ ಮೂರು ಸುತ್ತು ಗೋಡೆ. ಕಟ್ಟಿದವರ ಹೆಸರು ಯಾರಿಗೂ ಗೊತ್ತಿಲ್ಲ. ರಿಪೇರಿ ಮಾಡಿದ ಗಾರೆ ಮೇಸ್ತ್ರಿಯ ಗುರುತು ಮಾತ್ರ ಎಲ್ಲ ಕಡೆ ಇದೆ. ಮುಗಿದ ಕೆಲಸದ ಹಸಿ ಗಾರೆಯಲ್ಲಿ ಎಡಗೈ ಹೆಬ್ಬೆರಳು ಒತ್ತುವುದು ಅವನ ಚಟ. ಕಲ್ಲಿನಡಿ ಸಿಕ್ಕಿ ಸೊಟ್ಟಗಾದ ಬೆರಳು ಅದು.

"ದೇವರು ಕೊಟ್ಟ ಮುದ್ರೆ" ಅನ್ನುತ್ತಿದ್ದ.

"ಮನೆ ಒಲೆಯ ಬಿರುಕು ಹಾಗೇ ಇದೆ, ಮುದ್ರೆಯಂತೆ" ಅನ್ನುತ್ತಿದ್ದಳು ಹೆಂಡತಿ.

ಆ ವರ್ಷ ಮೂರನೇ ಸುತ್ತಿನ ಗೋಡೆ ಒಂದು ಕಡೆ ಬಸುರಿಯ ಹೊಟ್ಟೆಯ ಹಾಗೆ ಉಬ್ಬಿತು. ಹೊಸದಾಗಿ ಬಂದ ಇಂಜಿನಿಯರಮ್ಮ, "ಮಳೆಗೆ ಮೊದಲೇ ಕೆಡವಿ ಸಿಮೆಂಟಿನಲ್ಲಿ ಕಟ್ಟೋಣ" ಅಂದರು.

ಗೋಡೆ ಉಬ್ಬಿದ್ದು ಯಾಕೆಂದು ಮೇಸ್ತ್ರಿಗೆ ಗೊತ್ತಿತ್ತು. ಆ ಗೋಡೆಯ ಬೆನ್ನಿಗೆ ಬರೀ ಮಣ್ಣು. ಮಣ್ಣು ಕುಡಿದ ನೀರು ಹೊರಬರಲೆಂದು ಹಳಬರು ಬುಡದಲ್ಲಿ ಮಾರು ದೂರಕ್ಕೊಂದು ಕಿಂಡಿ ಬಿಟ್ಟಿದ್ದರು. ಕೆಲಸಕ್ಕೆ ಸೇರಿದ ವರ್ಷ, ಕಲ್ಲು ಉದುರಿದ ತೂತುಗಳೆಂದು ತಿಳಿದು ಹನ್ನೊಂದನ್ನೂ ಅಚ್ಚುಕಟ್ಟಾಗಿ ಮುಚ್ಚಿದವನು ಇವನೇ. ಆಗಿನ ಸಾಹೇಬರು ಬೆನ್ನು ತಟ್ಟಿದ್ದರು. ಮುಂದೊಂದು ಮಳೆಗಾಲದಲ್ಲಿ ಎರಡನೇ ಸುತ್ತಿನ ಗೋಡೆಯ ಕಿಂಡಿಗಳಿಂದ ನೀರು ಸುರಿಯುವುದನ್ನು ಕಂಡಾಗಲೇ ತಪ್ಪು ತಿಳಿದಿತ್ತು. ಹೇಳಲು ಬಾಯಿ ಬಂದಿರಲಿಲ್ಲ.

ಹೆಂಡತಿಗೆ ಎಲ್ಲ ಹೇಳಿಕೊಂಡ. "ನಿವೃತ್ತಿಗೆ ಆರೇ ತಿಂಗಳು ಕಣೇ. ಎಲ್ಲರೂ ನಗ್ತಾರೆ."

"ನಗಲಿ. ಮದುವೆ ಆದಾಗಿನಿಂದ ನಾನು ನಗ್ತಾ ಇಲ್ವಾ? ಮಾನ ನಾಲ್ಕು ದಿನಕ್ಕೆ ವಾಪಸ್ಸು ಬರುತ್ತೆ. ಆ ಗೋಡೆ ಬರುತ್ತಾ?"

ಬೆಳಿಗ್ಗೆ ಎಂದಿನಂತೆ ಗೋಡೆ ಮುಟ್ಟಿ ಕಣ್ಣಿಗೊತ್ತಿಕೊಂಡು, ಇಂಜಿನಿಯರಮ್ಮನನ್ನು ಕರೆದ. "ಕೆಡವೋದು ಬೇಡಮ್ಮ. ಕಿಂಡಿ ಬಿಡಿಸಿದರೆ ನೀರು ಇಳಿಯುತ್ತೆ, ಗೋಡೆ ನಿಲ್ಲುತ್ತೆ."

"ಎಲ್ಲಿದೆ ಕಿಂಡಿ?"

"ಇಲ್ಲೇ. ಮುಚ್ಚಿದೆ."

"ಯಾವ ಪುಣ್ಯಾತ್ಮ ಮುಚ್ಚಿದ್ದು?"

ಮೇಸ್ತ್ರಿ ಪಾಚಿ ಕೆರೆದ. ಸೊಟ್ಟ ಹೆಬ್ಬೆಟ್ಟಿನ ಅಚ್ಚು ಕಂಡಿತು. ತನ್ನ ಬೆರಳನ್ನು ಅದರೊಳಗೆ ಇಟ್ಟ. ಅಳತೆ ತೆಗೆದಂತೆ ಕೂತಿತು.

ಇಂಜಿನಿಯರಮ್ಮ ಬೆರಳು ನೋಡಿದರು, ಗೋಡೆ ನೋಡಿದರು, ನಗು ತಡೆಯಲಾಗಲಿಲ್ಲ. "ಸಾಕ್ಷಿ ಗಟ್ಟಿಯಾಗಿದೆ ಮೇಸ್ತ್ರಿ."

"ಗಾರೆನೂ ಗಟ್ಟಿನೇ ಅಮ್ಮ. ಅದೇ ಈಗ ತೊಂದರೆ."

ನಿಜವೇ. ತನ್ನ ಕೆಲಸ ತಾನೇ ಒಡೆಯಲು ಅವನಿಗೆ ಎರಡು ದಿನ ಹಿಡಿಯಿತು, ಮೂರು ಉಳಿ ಮೊಂಡಾದವು. ಏಳನೇ ಕಿಂಡಿ ಬಿಚ್ಚಿದಾಗ ಒಳಗೆ ನಿಂತಿದ್ದ ಹಳೇ ಮಳೆಯ ಕೆಂಪು ನೀರು ಬುಸ್ಸೆಂದು ಹಾರಿ ಇಂಜಿನಿಯರಮ್ಮನ ಬೂಟು ತೋಯಿಸಿತು. "ಮಳೆ ಮುಗಿಯೋವರೆಗೂ ನೋಡೋಣ" ಅಂದರು ಅವರು.

ಮಳೆಗಾಲ ಕಳೆಯಿತು. ಉಬ್ಬು ಕೂದಲೆಳೆಯಷ್ಟೂ ಬೆಳೆಯಲಿಲ್ಲ. ಕೆಲಸದ ಕೊನೆಯ ದಿನ ಮೇಸ್ತ್ರಿ ಕಿಂಡಿಯ ಅಂಚಿಗೆ ಹೊಸ ಗಾರೆ ಸವರಿ, ತಲೆ ಕೆರೆದುಕೊಂಡು ಕೇಳಿದ: "ಒತ್ತಲಾ ಅಮ್ಮ?"

"ಒತ್ತಿ," ಅಂದರು ಇಂಜಿನಿಯರಮ್ಮ. "ಕಿಂಡಿಯಿಂದ ಒಂದು ಗೇಣು ದೂರ."